ಬೋರಲು ಹರಿಗೋಲು

ತುಂಗಭದ್ರೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲಿದ್ದ ಗುರುವಿಗೆ ಬಿರುದು ಬಾವಲಿ ಏನೂ ಇರಲಿಲ್ಲ. ಸುತ್ತಲಿನ ಹಳ್ಳಿಯವರು ಬರೀ ‘ತಾತ’ ಎನ್ನುತ್ತಿದ್ದರು.

ತಾತನಿಗೆ ಒಬ್ಬನೇ ಶಿಷ್ಯ, ಕೊಟ್ರೇಶ. ಪೇಟೆಯಲ್ಲಿ ಅಂಗಡಿಗಳಿಗೆ ಜಾಹೀರಾತು ಬರೆದು ಬರೆದು, ತಾನು ಬರೆದದ್ದರಲ್ಲಿ ತನಗೇ ನಂಬಿಕೆ ಹೋಗಿ, ಶಾಂತಿ ಹುಡುಕಿಕೊಂಡು ಬಂದವನು. ಎಲ್ಲ ಬಿಟ್ಟು ಬಂದೆ ಎನ್ನುತ್ತಿದ್ದ. ಫೋನು ಮಾತ್ರ ಸೊಂಟದಲ್ಲೇ ಇತ್ತು.

ಒಂದು ಸಂಜೆ ಅವನು ಸಿಡಿಮಿಡಿಗುಟ್ಟುತ್ತ ಬಂದು ತಾತನ ಎದುರು ಕೂತ.

“ತಾತಾ, ಇದರಾಗ ಏನೋ ಮಸಲತ್ತು ಐತ್ರಿ.”

“ಯಾವುದರಾಗ?”

“ಈಗ ಮಂದಿ ದಾರಿ ಕೇಳೋದು ಮನುಷ್ಯರನ್ನಲ್ರಿ, ಫೋನಿನಾಗಿನ ಯಂತ್ರಾನ. ಚಾಟ್‌ಬಾಟ್ ಅಂತಾರ. ‘ಹೊಳಿ ದಾಟಿ ಗುಡ್ಡದ ಗುಡಿಗೆ ಹೋಗಬೇಕು, ಯಾರು ದಾಟಸ್ತಾರ?’ ಅಂತ ಕೇಳಿದ್ರ, ತಿರುವಿನಾಗಿನ ಮೋಟರ್ ಬೋಟಿನವರ ಹೆಸರು ಹೇಳ್ತೈತಿ. ನಮ್ಮ ಗಾಳೆಪ್ಪ ಮಾವನ ಹೆಸರು ಎತ್ತೋದ ಇಲ್ಲ. ಒಳಗಿಂದೊಳಗ ಏನೋ ಕೊಟ್ಟು ಮಾಡಿಸ್ಯಾರ ಅಂತ ನನಗ ಅನುಮಾನ.”

ಗಾಳೆಪ್ಪ ಮಠದ ಕೆಳಗೆ ಹರಿಗೋಲು ಹಾಕುವ ಅಂಬಿಗ. ಬಿದಿರು ಹೆಣೆದು, ಅಡಿಗೆ ಡಾಂಬರು ಬಳಿದ ದುಂಡನೆಯ ಹರಿಗೋಲಿನಲ್ಲಿ ಜನರನ್ನು ಆಚೆ ದಂಡೆಗೆ ದಾಟಿಸುವುದು ಅವನ ಅಪ್ಪನಿಂದ ಬಂದ ಕಸುಬು. ಈಗ ಜನ ಬರುತ್ತಿರಲಿಲ್ಲ. ಮೋಟರ್ ಬೋಟಿನವರು ಅವನನ್ನು ಗೇಟು ಕಾಯಲು ಕರೆದಿದ್ದರು. ದಸರೆಯೊಳಗೆ ಹೂಂ ಅನ್ನಬೇಕು. ಹೂಂ ಅಂದರೆ ಹರಿಗೋಲು ನಡೆಸುವ ಹುಟ್ಟು ಅಟ್ಟ ಸೇರುತ್ತದೆ.

ಕೊಟ್ರೇಶ ಈ ದಂಡೆಗೆ ಮೊದಲು ಬಂದದ್ದು ಗಾಳೆಪ್ಪನ ಹರಿಗೋಲಿನಲ್ಲೇ. ಅಂದು ಅವನ ಮುಖ ನೋಡಿ ಗಾಳೆಪ್ಪ ಏನೂ ಕೇಳಿರಲಿಲ್ಲ. ಒಂದು ಬೀಡಿ ಕೊಟ್ಟು, ಸುಮ್ಮನೆ ದಾಟಿಸಿದ್ದ. ಕೊಟ್ರೇಶ ಅದನ್ನು ಮರೆತಿರಲಿಲ್ಲ.

“ನಿನ್ನ ಯಂತ್ರ ಹೊಳಿ ದಾಟೈತೇನು?” ಎಂದು ತಾತ ಕೇಳಿದ.

“ಇಲ್ರಿ.”

“ಮತ್ತ ಹೆಂಗ ಹೇಳ್ತೈತಿ?”

“ದಾಟಿದ ಮಂದಿ ಬರದದ್ದು ಓದಿ ಹೇಳ್ತೈತ್ರಿ.”

“ಗಾಳೆಪ್ಪನ ಬಗ್ಗೆ ಯಾರು ಬರದಾರ?”

“ಯಾರೂ ಇಲ್ರಿ.”

ತಾತ ನಕ್ಕ. “ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅನ್ನೋದು ಇವತ್ತಿನ ಮಾತಲ್ಲ. ಅದನ್ನ ಯಾರೂ ಕೊಟ್ಟು ಮಾಡಿಸಬೇಕಾಗಿಲ್ಲ.”

“ಹಂಗಾರ ನಾ ಬರೀಲೇನ್ರಿ?”

“ಗಾಳೆಪ್ಪನ ಹರಿಗೋಲಿನಾಗ ಎಷ್ಟು ಮಂದಿ ಹತ್ತಬಹುದು?”

“ಎಂಟು ಮಂದಿ. ಒಂಬತ್ತನೇದವ ಹತ್ತಿದ್ರ ಮಾವ ಇಳಿಸಿಬಿಡ್ತಾನ್ರಿ.”

“ಮಾತಿಗೂ ಹಂಗ ಒಬ್ಬ ಅಂಬಿಗ ಇರಬೇಕು,” ಎಂದು ತಾತ ಎದ್ದು ಒಳಗೆ ಹೋದ.

ಅದು ಒಪ್ಪಿಗೆಯೋ ಎಚ್ಚರಿಕೆಯೋ ಕೊಟ್ರೇಶನಿಗೆ ತಿಳಿಯಲಿಲ್ಲ. ಒಪ್ಪಿಗೆ ಎಂದೇ ತಿಳಿದುಕೊಂಡ. ಶಿಷ್ಯರು ಸಾಮಾನ್ಯವಾಗಿ ಹಾಗೆಯೇ ತಿಳಿದುಕೊಳ್ಳುತ್ತಾರೆ.

ಮೊದಲು, ಜನ ಅಭಿಪ್ರಾಯ ಬರೆಯುವ ಜಾಲತಾಣದಲ್ಲಿ ಇದ್ದದ್ದನ್ನೇ ಬರೆದ. ಗಾಳೆಪ್ಪ, ಹರಿಗೋಲು, ಮಠದ ಕೆಳಗೆ, ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ. ಯಂತ್ರ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಮೋಟರ್ ಬೋಟಿನವರ ಬಗ್ಗೆ ಜನ ಏನು ಬರೆದಿದ್ದಾರೆ ಎಂದು ತೆಗೆದು ನೋಡಿದ. ಹೆಸರುಗಳು ಬೇರೆ ಬೇರೆ, ದನಿ ಮಾತ್ರ ಒಂದೇ. ‘ಅದ್ಭುತ ಅನುಭವ’, ‘ಮನೆಮಂದಿಯೆಲ್ಲ ಹೋಗಲೇಬೇಕಾದ ಜಾಗ’. ಹಾವಿನ ಹೆಜ್ಜೆ ಹಾವೇ ಬಲ್ಲದು. ಇದು ಕೂಲಿಗೆ ಬರೆದ ಹೊಗಳಿಕೆ ಎಂದು ಅವನಿಗೆ ಕೂಡಲೇ ವಾಸನೆ ಬಡಿಯಿತು. ನಿಜವೋ ಅಲ್ಲವೋ, ಕೇಳುವವರು ಯಾರು?

ಅವರು ಲಾಭಕ್ಕೆ ಮಾಡಿದ್ದನ್ನು ನಾನು ಒಬ್ಬ ಒಳ್ಳೆಯ ಮನುಷ್ಯನಿಗಾಗಿ ಮಾಡಿದರೆ ಏನು ತಪ್ಪು ಎಂದುಕೊಂಡ.

ಒಂದು ಸಲ ಯಾತ್ರಿಕನಾದ. ಒಂದು ಸಲ ಹೊಸದಾಗಿ ಮದುವೆಯಾದ ಹುಡುಗನಾದ. ಇನ್ನೊಂದು ಸಲ ಅಜ್ಜಿಯಾದ: ‘ಬಿಸಿಲಿಗೆ ಬಳಲಿದ್ದೆ. ಗಾಳೆಪ್ಪ ಹರಿಗೋಲಿನಲ್ಲೇ ತಣ್ಣನೆ ಮಜ್ಜಿಗೆ ಕೊಟ್ಟ.’ ಬರೆಯುತ್ತ ಬರೆಯುತ್ತ ಅವನಿಗೆ ಹಳೆಯ ಹುರುಪು ಬಂತು. ಕೊನೆಗೆ ಅಜ್ಜಿಯ ಬಾಯಿಂದಲೇ ಇನ್ನೊಂದು ಮಾತು ಆಡಿಸಿದ: ‘ಹೊಳೆ ತುಂಬಿ ಹರಿದರೂ ಸರಿ, ಬಂದವರಿಗೆ ಇಲ್ಲ ಎಂದವನಲ್ಲ ಈ ಗಾಳೆಪ್ಪ.’

ಕೆಲವು ವಾರ ಕಳೆದವು. ಯಂತ್ರಕ್ಕೆ ಗಾಳೆಪ್ಪನ ಹೆಸರು ಬಾಯಿಪಾಠವಾಯಿತು.

ಜನ ಬರತೊಡಗಿದರು. ಗಾಳೆಪ್ಪ ಮೊದಲು ಹಿಗ್ಗಿದ. ಆಮೇಲೆ ಮೆಲ್ಲಗೆ ಅನುಮಾನಪಡತೊಡಗಿದ.

“ಕೊಟ್ರೇಶಪ್ಪಾ, ಬಂದವರೆಲ್ಲ ಮಜ್ಜಿಗಿ ಎಲ್ಲಿ ಅಂತಾರಲ್ಲಪಾ. ನಾ ಯಾವತ್ತು ಮಜ್ಜಿಗಿ ಕೊಟ್ಟಿದ್ದೆ?”

“ಯಾರೋ ಅಜ್ಜಿ ನಿನ್ನ ಮ್ಯಾಲಿನ ಪ್ರೀತಿಗೆ ಬರದಾಳ, ಬಿಡು ಮಾವಾ.”

“ಯಾವೂರ ಅಜ್ಜಿ?”

ಕೊಟ್ರೇಶ ಹೊಳೆಯ ಕಡೆ ನೋಡಿದ.

ಬಂದವರು ಬರಿಗೈಲಿ ಹೋಗಬಾರದೆಂದು ಗಾಳೆಪ್ಪನ ಹೆಂಡತಿ ದಿನಾ ಒಂದು ಗಡಿಗೆ ಮಜ್ಜಿಗೆ ಕಳಿಸತೊಡಗಿದಳು. ಒಂದು ಸುಳ್ಳನ್ನು ನಿಜ ಮಾಡಲು ಪಾಪ ಒಂದು ಎಮ್ಮೆ ದುಡಿಯಬೇಕಾಯಿತು.

ತಾತನೂ ಒಂದು ದಿನ ಕೇಳಿದ. “ಆ ಅಜ್ಜಿ ಮತ್ತ ಬಂದಿದ್ಲೇನು?”

“ಯಾವ ಅಜ್ಜಿ ರೀ?” ಎಂದ ಕೊಟ್ರೇಶ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ದನಿ.

ತಾತ ಮತ್ತೇನೂ ಕೇಳಲಿಲ್ಲ. ಕೇಳದೆ ಹೋದದ್ದೇ ಕೊಟ್ರೇಶನಿಗೆ ಕಷ್ಟವಾಯಿತು. ತಾತನಿಗೆ ಎಲ್ಲ ಗೊತ್ತಿದೆಯೋ, ಏನೂ ಗೊತ್ತಿಲ್ಲವೋ? ಧ್ಯಾನಕ್ಕೆ ಕೂತಾಗಲೂ ಒಂದು ಕಣ್ಣು ತೆರೆದು ಗುರುವಿನ ಮುಖ ಕದ್ದು ನೋಡುತ್ತಿದ್ದ.

ಅಷ್ಟರಲ್ಲಿ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಹೊಳೆ ಕೆಂಪಾಗಿ, ದಂಡೆಯ ಕಲ್ಲುಗಳನ್ನು ನುಂಗುತ್ತ ಏರಿತು.

ಗಾಳೆಪ್ಪ ಹರಿಗೋಲನ್ನು ಮೇಲಕ್ಕೆ ಎಳೆದು ಬೋರಲು ಹಾಕಿದ. ಹರಿಗೋಲು ಬೋರಲಾಯಿತೆಂದರೆ ಇವತ್ತು ದಾಟಿಸುವುದಿಲ್ಲ ಎಂದರ್ಥ. ಅವನ ಅಪ್ಪನ ಕಾಲದಿಂದಲೂ ಎರಡೂ ದಂಡೆಯವರು ದೂರದಿಂದಲೇ ಅದನ್ನು ನೋಡಿ, ಒಂದು ಮಾತೂ ಆಡದೆ ಹಿಂದಿರುಗುತ್ತಿದ್ದರು.

ಆ ಮಧ್ಯಾಹ್ನ ದೂರದ ಪೇಟೆಯಿಂದ ಒಂದು ಕಾರು ಬಂತು. ಇಳಿದವರು ಒಬ್ಬ ಮಗ, ಅವನ ಮುದಿ ತಾಯಿ. ತಾಯಿಗೆ ಗುಡ್ಡದ ದೇವರ ಹರಕೆ ಇತ್ತು.

“ಇವತ್ತು ಆಗಂಗಿಲ್ರಿ ಸರ,” ಎಂದ ಗಾಳೆಪ್ಪ. “ಹರಿಗೋಲು ಬೋರಲೈತಿ, ನೋಡ್ರಿ.”

“ಬೋರಲಿದ್ದರೆ ಅಂಗಾತ ಮಾಡಿ,” ಎಂದ ಮಗ. “ಮೋಟರ್ ಬೋಟಿನವರು ಇವತ್ತು ಬಾಗಿಲು ಹಾಕಿದ್ದಾರೆ. ಹೊಳೆ ತುಂಬಿದರೂ ನೀವು ಇಲ್ಲ ಅನ್ನೋದಿಲ್ಲವಂತಲ್ಲ? ಫೋನಿನಲ್ಲಿ ಕೇಳಿಕೊಂಡೇ ಬಂದಿದ್ದೇನೆ.”

“ನಾ ಹಂಗಂದಿಲ್ರಿ.”

“ಗೊತ್ತಾಯಿತು ಬಿಡಿ. ಹೆಚ್ಚು ದುಡ್ಡು ಬೇಕು ತಾನೆ? ಎರಡು ಪಟ್ಟು ಕೊಡ್ತೇನೆ.”

ಗಾಳೆಪ್ಪನ ಮುಖ ಸಣ್ಣದಾಯಿತು. “ದುಡ್ಡಿನ ಮಾತಲ್ರಿ ಇದು.”

“ಹಾಗಾದರೆ ಎಲ್ಲಾ ಮೋಸ. ನಾನೂ ಬರೀತೇನೆ. ನಾಳೆಯಿಂದ ಒಂದು ನರಪಿಳ್ಳೆಯೂ ನಿನ್ನ ಹತ್ತಿರ ಬರಬಾರದು, ಹಾಗೆ ಬರೀತೇನೆ.”

ಗಾಳೆಪ್ಪ ಹೊಳೆ ನೋಡಿದ. ಕಾರು ನೋಡಿದ. ತಿರುವಿನ ಕಡೆ, ಮೋಟರ್ ಬೋಟಿನವರ ಗೇಟಿನ ಕಡೆ ನೋಡಿದ. ಆಮೇಲೆ ಅವನ ಕೈ ನಿಧಾನವಾಗಿ ಹರಿಗೋಲಿನ ಅಂಚಿಗೆ ಹೋಯಿತು.

ಮಠದ ಮೆಟ್ಟಿಲ ಮೇಲೆ ನಿಂತಿದ್ದ ಕೊಟ್ರೇಶ ಆ ಕೈ ನೋಡಿದ. ಹೊಳೆ ಇಳಿಯುವ ಮೊದಲು ಬೋರಲು ಹರಿಗೋಲನ್ನು ಗಾಳೆಪ್ಪ ಮುಟ್ಟಿದ್ದನ್ನು ಅವನು ಕಂಡೇ ಇರಲಿಲ್ಲ. ಓಡಿಹೋಗಿ ತಡೆಯಬೇಕು ಅನ್ನಿಸಿತು. ತಡೆದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ನಿಂತೇ ಇದ್ದ.

ಅವನನ್ನು ದಾಟಿಕೊಂಡು ತಾತ ಇಳಿದು ಹೋದ. ಹೋದವನೇ ಬೋರಲು ಹರಿಗೋಲಿನ ಮೇಲೆ ಕೂತುಬಿಟ್ಟ. ಬಿಸಿಲಿಗೆ ಮೆತ್ತಗಾಗಿದ್ದ ಡಾಂಬರು ಧೋತರಕ್ಕೆ ಹತ್ತಿತು.

“ಏಳ್ರಿ ತಾತಾ,” ಎಂದ ಗಾಳೆಪ್ಪ. “ನನ್ನ ಹೆಸರು ಕೆಡತೈತ್ರಿ.”

“ಏಳ್ತೀನಿ. ಅದಕ್ಕ ಮೊದಲ ಒಬ್ಬ ಸಾಕ್ಷಿ ಬೇಕು. ತುಂಬಿದ ಹೊಳಿ ದಾಟಿದ ಅಜ್ಜಿ ಒಬ್ಬಾಕಿ ಅದಾಳಂತ. ದಾಟೀನಿ ಅಂತ ಆಕಿ ನನ್ನ ಮುಂದ ನಿಂತು ಹೇಳ್ಲಿ, ನಾ ಏಳ್ತೀನಿ.”

“ಯಾವ ಅಜ್ಜಿ?” ಎಂದ ಮಗ.

“ಮಜ್ಜಿಗಿ ಕುಡದಾಕಿ.” ತಾತ ಮೆಟ್ಟಿಲ ಕಡೆ ತಿರುಗಿದ. “ಕೊಟ್ರೇಶಾ, ಆಕಿನ್ನ ಕರಕೊಂಡು ಬಾ.”

ಕೊಟ್ರೇಶ ಇಳಿದು ಬಂದ. ಆ ದಂಡೆಗೆ ಅಷ್ಟೊಂದು ಮೆಟ್ಟಿಲುಗಳಿವೆ ಎಂದು ಅವನಿಗೆ ಗೊತ್ತಾದದ್ದು ಅಂದೇ.

“ಆ ಅಜ್ಜಿ ನಾನ ರೀ,” ಎಂದ. “ಯಾತ್ರಿಕನೂ ನಾನ. ಮದುವಿ ಆದ ಹುಡುಗನೂ ನಾನ. ತುಂಬಿದ ಹೊಳಿ ಯಾರೂ ದಾಟಿಲ್ಲ. ಗಾಳೆಪ್ಪ ಮಾವ ಯಾರನ್ನೂ ದಾಟಿಸಿಲ್ಲ.”

ಮುದಿ ತಾಯಿ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

“ಮೀಸಿ ಬಂದ ಅಜ್ಜಿನ್ನ ಇವತ್ತ ನೋಡಿದ್ದು,” ಎಂದಳು. ಮಗನ ತೋಳು ಹಿಡಿದಳು. “ನಡಿಯಪ್ಪಾ. ಗುಡ್ಡದ ದೇವರು ಎಲ್ಲೂ ಓಡಿ ಹೋಗಂಗಿಲ್ಲ.”

ಮಗ ನಗಲಿಲ್ಲ. “ಎಲ್ಲರೂ ಸೇರಿ ಆಡ್ತಿರೋ ನಾಟಕ ಇದು,” ಎಂದು ಕಾರಿನ ಬಾಗಿಲನ್ನು ದಡಾರನೆ ಹಾಕಿಕೊಂಡು ಹೋದ.

ಗಾಳೆಪ್ಪ ಕೊಟ್ರೇಶನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತನ್ನ ಕೈಯನ್ನೇ ನೋಡಿಕೊಳ್ಳುತ್ತ, “ನಾ ಎತ್ತಿಬಿಡ್ತಿದ್ನಲ್ಲಪಾ,” ಎಂದ, ಅಷ್ಟೇ. ಕೊಟ್ರೇಶನಿಗೆ ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಂದೇ ಅವನು ಯಾತ್ರಿಕನನ್ನು, ಮದುವೆಯಾದ ಹುಡುಗನನ್ನು, ಅಜ್ಜಿಯನ್ನು ಅಳಿಸಿ ಹಾಕಿದ. ಉಳಿದದ್ದು ತಾನು ಮೊದಲು ಬರೆದ ಹೆಸರು, ಜಾಗ, ಹೊತ್ತು. ಅದರ ಕೆಳಗೆ ಕಾರಿನವನು ಹೊಸದಾಗಿ ಬರೆದದ್ದು:

‘ಅಷ್ಟು ದೂರದಿಂದ ಹೋದರೂ ದಾಟಿಸಲಿಲ್ಲ. ಹೊಳೆ ತುಂಬಿದೆಯಂತೆ. ಎರಡು ಪಟ್ಟು ಹಣ ಕೊಡುತ್ತೇನೆ ಎಂದರೂ ಹರಿಗೋಲು ಎತ್ತಲಿಲ್ಲ. ಮುದಿ ತಾಯಿಯನ್ನು ವಾಪಸು ಕಳಿಸಿದ. ಇಂಥ ಅಂಬಿಗ ಇದ್ದರೆಷ್ಟು, ಬಿಟ್ಟರೆಷ್ಟು?’

ಕೊಟ್ರೇಶ ಅದನ್ನು ತಾತನಿಗೆ ಓದಿ ಹೇಳಿದ. ಕಣ್ಣಲ್ಲಿ ನೀರಿತ್ತು.

“ಮುಗೀತ್ರಿ ತಾತಾ. ಗಾಳೆಪ್ಪ ಮಾವ ಇನ್ನ ಗೇಟು ಕಾಯೋದ. ಇದಕ್ಕೊಂದು ಉತ್ತರ ಬರೀಲೇನ್ರಿ?”

“ಇದರಾಗ ಸುಳ್ಳು ಏನೈತಿ?”

ಕೊಟ್ರೇಶ ಮತ್ತೊಮ್ಮೆ ಓದಿದ. “ಸುಳ್ಳು ಏನಿಲ್ರಿ.”

“ನೀ ಬರದದ್ದರಾಗ ಖರೆ ಎಷ್ಟಿತ್ತು?”

ಕೊಟ್ರೇಶ ಫೋನು ಕೆಳಗಿಟ್ಟ.

“ಹಂಗಾರ ಇದನ್ನ ಮುಟ್ಟಬ್ಯಾಡ,” ಎಂದ ತಾತ.

ಹೊಳೆ ಇಳಿಯಿತು. ಹರಿಗೋಲು ಅಂಗಾತವಾಗಿ ನೀರಿಗೆ ಬಿತ್ತು. ಜನ ಮಾತ್ರ ಬರಲಿಲ್ಲ. ದಸರೆ ಹತ್ತಿರವಾಯಿತು. ಗಾಳೆಪ್ಪ ಹುಟ್ಟನ್ನು ತೊಳೆದು, ಒರೆಸಿ, ಗೋಡೆಗೆ ಒರಗಿಸಿದ. ಮೋಟರ್ ಬೋಟಿನವರ ಕಡೆಯವನು ಮರುದಿನ ಬರುವವನಿದ್ದ.

ಅವನು ಬರುವ ಹಿಂದಿನ ದಿನ ಬೆಳಿಗ್ಗೆ ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬ ಹೆಂಗಸು ಗಂಡನ ಜೊತೆ ದಂಡೆಗೆ ಬಂದಳು.

“ಗಾಳೆಪ್ಪ ಅನ್ನೋ ಅಂಬಿಗರು ಯಾರ್ರಿ?”

ಕೊಟ್ರೇಶ ಇನ್ನಾರು ಜಗಳಕ್ಕೆ ಬಂದರೋ ಎಂದುಕೊಂಡ. “ಯಾಕ್ರೀ ಅಕ್ಕಾರ? ನಿಮಗ ಯಾರು ಹೇಳಿದ್ರು?”

“ಫೋನಿನಾಗ ಕೇಳಿದ್ದೆ. ಕೂಸು ಕಟ್ಟಿಕೊಂಡು ಹೊಳಿ ದಾಟಬೇಕು, ಯಾರನ್ನ ನಂಬಬಹುದು ಅಂತ,” ಎಂದು ಆಕೆ ಫೋನು ಚಾಚಿದಳು.

ಕೊಟ್ರೇಶ ಓದಿದ. ‘ಮಠದ ಕೆಳಗಿನ ಗಾಳೆಪ್ಪನವರನ್ನು ವಿಚಾರಿಸಬಹುದು. ಹೊಳೆ ತುಂಬಿದ್ದಾಗ ಎರಡು ಪಟ್ಟು ಹಣ ಕೊಡುತ್ತೇನೆಂದರೂ ಅವರು ದಾಟಿಸಲಿಲ್ಲ ಎಂದು ಒಬ್ಬರು ದೂರಿದ್ದಾರೆ.’

ಇದು ಹೇಗೆ ಸಾಧ್ಯ? ತಾತನೇ ಇವರನ್ನು ಕಳಿಸಿರಬಹುದೇ? ಕೊಟ್ರೇಶ ತಿರುಗಿ ನೋಡಿದ. ಮೆಟ್ಟಿಲ ಮೇಲೆ ತಾತ ಧೋತರದ ಡಾಂಬರು ಕಲೆಯನ್ನು ತಿಕ್ಕುತ್ತ ಕೂತಿದ್ದ. ತಲೆ ಕೂಡ ಎತ್ತಲಿಲ್ಲ.

ಗಾಳೆಪ್ಪ ಒಳಗೆ ಹೋಗಿ ಹುಟ್ಟು ತಂದ. ಕೂಸಿನ ತಾಯಿಯನ್ನು ನಡುವೆ ಕೂರಿಸಿದ. ಆಕೆ ಮಜ್ಜಿಗೆ ಕೇಳಲಿಲ್ಲ. ಅವನೇ ಕೊಟ್ಟ.

ಅಂದು ಇನ್ನೊಬ್ಬರು ಬಂದರು. ಮರುದಿನ ಒಂದು ಮನೆಮಂದಿಯೇ ಬಂತು. ಮೋಟರ್ ಬೋಟಿನವರ ಕಡೆಯವನು ದಂಡೆಗೆ ಬಂದು ನಿಂತಾಗ ಗಾಳೆಪ್ಪ ನಡುಹೊಳೆಯಲ್ಲಿದ್ದ. ಅಲ್ಲಿಂದಲೇ ಹುಟ್ಟು ಎತ್ತಿ ಆಡಿಸಿ, ಬರುವುದಿಲ್ಲ ಎಂದು ಕೂಗಿ ಹೇಳಿದ.

ಸಂಜೆ ಕೊಟ್ರೇಶ ತಾತನ ಪಕ್ಕ ಬಂದು ಕೂತ. ಎಷ್ಟೋ ದಿನಗಳ ಮೇಲೆ ಅವನ ಮುಖ ಹಗುರಾಗಿತ್ತು.

“ತಾತಾ, ಯಂತ್ರ ಈಗ ಖರೆ ಹೇಳಾಕ ಹತ್ತೈತಿ. ಇನ್ನ ಅದನ್ನ ನಂಬಬಹುದಲ್ರಿ?”

ತಾತ ಧೋತರ ಕೊಡವಿ ಕಲ್ಲಿನ ಮೇಲೆ ಹರವಿದ. ಡಾಂಬರು ಹೋಗಿರಲಿಲ್ಲ.

“ಕೇಳು,” ಎಂದ. “ಕೇಳಿದ ಮ್ಯಾಲ ದಂಡಿಗೆ ಹೋಗಿ, ಹರಿಗೋಲು ಬೋರಲೈತೋ ಅಂಗಾತೈತೋ ನೋಡು.”