ಎರಡು ತುದಿ ದಪ್ಪ, ನಡುವೆ ತೆಳು

ಘಟಪ್ರಭೆಯ ದಂಡೆಯ ಮೇಲೆ ಮೌನಪ್ಪಜ್ಜನ ತಗಡಿನ ಶೆಡ್ಡು. ಹಳೆಯ ರೇಸ್ ಸೈಕಲ್ಲುಗಳ ಫ್ರೇಮು ಮುರಿದರೆ ಬೆಸೆದುಕೊಡುವವರು ಆ ಸೀಮೆಯಲ್ಲಿ ಅವರೊಬ್ಬರೇ.

ದಾನೇಶ್ವರಿ ಎರಡು ವರ್ಷದಿಂದ ಅವರಲ್ಲಿ ಕೆಲಸ ಕಲಿಯುತ್ತಿದ್ದಳು. ಅದಕ್ಕೆ ಮೊದಲು ತಾನೇ ರೇಸಿನಲ್ಲಿ ಸೈಕಲ್ ತುಳಿದವಳು.

ಒಂದು ಬೆಳಿಗ್ಗೆ ಎಣ್ಣೆಕಾಗದ ಸುತ್ತಿದ ಕಟ್ಟೊಂದನ್ನು ಹೆಗಲಮೇಲಿಟ್ಟುಕೊಂಡು ಓಡೋಡಿ ಬಂದಳು.

“ಅಜ್ಜಾರ! ಸಿಕ್ತು! ಗುಜರಿ ಅಂಗಡ್ಯಾಗ ಬಿದ್ದಿದ್ವು, ಎರಡೂ ಹೊಚ್ಚ ಹೊಸಾವು!”

“ಏನು ಸಿಕ್ತವ್ವ?”

“ಮ್ಯಾಂಗನೀಸ್ ಉಕ್ಕಿನ ಪೈಪ್ರಿ! ಎರಡೂ ತುದಿ ದಪ್ಪ, ನಡುವ ತೆಳು. ಬಾಳಪ್ಪ ಮಾಸ್ತರ ಸೈಕಲ್ಲಿಗೆ ಇಂಥಾದ್ದ ಬೇಕಾಗಿತ್ತು!”

ಬಾಳಪ್ಪ ಮಾಸ್ತರರ ಫ್ರೇಮು ಸೂರಿನಿಂದ ನೇತಾಡುತ್ತಿತ್ತು. ಐವತ್ತು ವರ್ಷದ ಹಿಂದೆ ಅದರ ಮೇಲೆಯೇ ಅವರು ರೇಸು ಗೆದ್ದದ್ದು. ಈಗ ಕೆಳಗಿನ ಪೈಪು ತುಕ್ಕು ತಿಂದು ತೂತಾಗಿತ್ತು. ಮರುದಿನ ಬೆಳಿಗ್ಗೆ ಹಳೆಯ ಸವಾರರೆಲ್ಲ ಕೂಡಿ ಮುಧೋಳದ ತನಕ ಹೋಗುವವರಿದ್ದರು. ಹೋದರೆ ಅದೇ ಸೈಕಲ್ಲಿನ ಮೇಲೆ, ಇಲ್ಲವಾದರೆ ಇಲ್ಲ ಎಂದು ಮಾಸ್ತರರ ಹಟ.

ಅಜ್ಜ ಇನ್ನೆರಡು ಪೈಪು ತಂದು ಅವಳ ಕಟ್ಟಿನ ಪಕ್ಕಕ್ಕಿಟ್ಟರು. “ಹೇಳು ನೋಡೂಣು.”

ದಾನೇಶ್ವರಿ ಮೊದಲನೆಯದರೊಳಗೆ ಬೆರಳಾಡಿಸಿದಳು. “ಇದು ತಗಡು ಸುತ್ತಿ ಬೆಸೆದದ್ದು. ಒಳಗ ಹೊಲಿಗಿ ಬೆರಳಿಗೆ ಹತ್ತತೈತಿ.”

“ಇದು?”

“ಹೊಲಿಗಿ ಇಲ್ಲದ ಸಾದಾ ಪೈಪು. ಆ ತುದಿಯಿಂದ ಈ ತುದೀತನಕ ಒಂದ ದಪ್ಪ. ನಾ ಇಷ್ಟು ದಿನ ಕೆಲಸ ಮಾಡಿದ್ದೆಲ್ಲಾ ಇದರ ಮ್ಯಾಲ.”

ತಾನು ತಂದದ್ದನ್ನು ತಕ್ಕಡಿಗೆ ಹಾಕಿ ಚಪ್ಪಾಳೆ ತಟ್ಟಿದಳು. “ನೋಡ್ರಿ! ಸಾದಾದ್ದರ ಅರ್ಧ ತೂಕಕ್ಕಿಂತ ತುಸು ಹೆಚ್ಚು, ಅಷ್ಟ! ಆದ್ರ ಅದಕ್ಕಿಂತ ಗಟ್ಟಿ. ಹೊರಗ ನೋಡಿದ್ರ ಗೊತ್ತಾಗೂದಿಲ್ಲ, ಒಳಗಿಂದ ಬೆಸುಗಿ ಬೀಳೂ ತುದಿ ದಪ್ಪ ಇಟ್ಟಾರ, ನಡುವ ತೆಳು ಮಾಡಿ ತೂಕ ಇಳಿಸ್ಯಾರ. ಎಂಥಾ ಬುದ್ಧಿ ಅಜ್ಜಾರ!”

“ಎಲ್ಲಾ ಗೊತ್ತೈತಿ ನಿನಗ. ಹಂಗಾರ ಕೂಡಸು.”

ಮಾಸ್ತರರು ಗಿಡ್ಡ ಆಳು. ಅವರ ಫ್ರೇಮೂ ಚಿಕ್ಕದು. ಪೈಪು ಅದಕ್ಕೆ ಆರು ಬೆರಳು ಹೆಚ್ಚಾಗಿತ್ತು. ದಾನೇಶ್ವರಿ ಒಂದು ತುದಿಯಲ್ಲಿ ಆರು ಬೆರಳು ಅಳೆದು, ಗರಗಸ ಹಾಕಿ ಸರಸರನೆ ಕೊಯ್ದಳು. ಬೆಂಕಿ ಹಿಡಿದು ಹಿತ್ತಾಳೆ ಕರಗಿಸಿ ಬೆಸೆದಳು. ಕೈಗೆ ರೆಕ್ಕೆ ಬಂದಂತಿತ್ತು. ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆಲ್ಲ ಕೆಲಸ ಮುಗಿದಿತ್ತು.

ಅಜ್ಜ ಫ್ರೇಮನ್ನು ವೈಸಿನ ಕಬ್ಬಿಣದ ದವಡೆಗೆ ಬಿಗಿದು, ಒಮ್ಮೆ ಮೈಭಾರ ಹಾಕಿ ಒತ್ತಿದರು.

ಟಕ್.

ಮೇಲಿನ ಬೆಸುಗೆಯ ಬುಡದಲ್ಲಿ ಪೈಪು ಮಡಚಿಹೋಯಿತು.

ದಾನೇಶ್ವರಿ ಬಗ್ಗಿ ನೋಡಿದಳು. “ಗುಜರ್ಯಾಗ ಬಿದ್ದು ಬಿದ್ದು ಪೈಪು ಕೆಟ್ಟಿತ್ತೇನೋ ಅಜ್ಜಾರ.”

“ಬಿಚ್ಚಿ ತಗಿ. ಉದ್ದಕ್ಕ ಸೀಳು.”

ಸೀಳಿದಳು. ಒಂದು ತುದಿಯಲ್ಲಿ ದಪ್ಪ ಹಾಗೇ ಇತ್ತು. ಇನ್ನೊಂದು ತುದಿಯಲ್ಲಿ ದಪ್ಪವೇ ಇರಲಿಲ್ಲ. ನಡುವಿನ ತೆಳುವೇ ಬಂದು ಬೆಂಕಿಗೆ ಸಿಕ್ಕಿ ಸುಟ್ಟಿತ್ತು.

“ದಪ್ಪನೆಲ್ಲಾ ನಾನ ಕೊಯ್ದು ಒಗದೀನಿ,” ಅಂದಳು.

“ಮುಂಜಾನೆ ನೀನ ಹೇಳಿದ್ಯಲ್ಲ?”

“ಹೇಳಿದ್ದು ಬಾಯಿ ಅಜ್ಜಾರ. ಕೊಯ್ದದ್ದು ಕೈ.”

ಅಜ್ಜ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಳೆಗೆ ಇಳಿದುಹೋದರು.

ಉಳಿದದ್ದು ಒಂದೇ ಪೈಪು. ದಾನೇಶ್ವರಿ ಸೀಳಿದ್ದನ್ನು ಅದರ ಪಕ್ಕಕ್ಕಿಟ್ಟು, ದಪ್ಪ ಎಲ್ಲಿ ಮುಗಿಯುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದಳು. ಆ ಕಡೆ ಮೂರು ಬೆರಳು, ಈ ಕಡೆ ಮೂರು ಬೆರಳು ಕೊಯ್ದರೆ ಎರಡೂ ತುದಿಗೆ ದಪ್ಪ ಉಳಿಯುತ್ತಿತ್ತು. ಕೊಯ್ಯುವಾಗ ಉಸಿರು ಹಿಡಿದಿದ್ದಳು. ಬೆಂಕಿ ಸಣ್ಣಗೆ ಹಿಡಿದಳು. ಕಾದು, ಕಾದು, ಇನ್ನೇನು ಅನ್ನುವಾಗ ಹಿತ್ತಾಳೆ ಕರಗಿ ಸಂದಿನ ಸುತ್ತ ಚಿನ್ನದ ಎಳೆಯಂತೆ ಹರಿಯಿತು.

ಹೊಳೆಯಿಂದ ಬಂದ ಅಜ್ಜ ಒಮ್ಮೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ಕಡೆಗೆ ಅದರ ಮೇಲೆ ಹತ್ತಿಯೇ ನಿಂತರು.

ಪೈಪು ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಎಪ್ಪತ್ತೆರಡರ ಬಾಳಪ್ಪ ಮಾಸ್ತರರು ಸೈಕಲ್ ಹತ್ತಿದರು. ಸೇತುವೆಯ ಆ ತುದಿ ಮುಟ್ಟಿ ಹೊರಳಿ ಬರುವಾಗ ಎರಡೂ ಕೈ ಬಿಟ್ಟಿದ್ದರು. “ಕುದರಿ ಐತವ್ವಾ ಇದು! ಕುದರಿ!” ಎಂದು ಕೂಗುತ್ತ, ನಿಲ್ಲದೆ ಮುಧೋಳದ ದಾರಿ ಹಿಡಿದರು.

ದಾನೇಶ್ವರಿ ನಿಂತಲ್ಲೇ ಕುಣಿದಳು. “ನೋಡಿದ್ರಿ ಅಜ್ಜಾರ? ಇನ್ನ ಸಾದಾ ಪೈಪು ನಾ ಮುಟ್ಟೂದಿಲ್ಲ. ಇದು ಒಂದ ದಿನದಾಗ ಕಲಿಸಿದ್ದು ಅದು ಎರಡು ವರ್ಷದಾಗ ಕಲಿಸಲಿಲ್ಲ!”

“ಎರಡು ವರ್ಷ ಅದನ್ನ ಹೆಂಗ ಕೊಯ್ದಿ?”

“ಮನಸ್ಸಿಗೆ ಬಂದಂಗ. ಒಂದ ಕಡೆಯಿಂದ.”

“ಬೆಂಕಿ?”

“ಹೆಚ್ಚಿಗೇ ಹಿಡೀತಿದ್ದೆ ಅನಸ್ತೈತ್ರಿ.”

“ಒಂದಾದ್ರೂ ಮುರೀತೇನು?”

“ಇಲ್ರಿ.”

“ಹಂಗಾರ ಆ ತಪ್ಪೆಲ್ಲಾ ಎಲ್ಲಿ ಹೋದ್ವು?”

ಅಜ್ಜ ಮೂಲೆಯಲ್ಲಿದ್ದ ಸಾದಾ ಪೈಪನ್ನು ಎತ್ತಿ, ಧೂಳು ಒರೆಸಿ, ಅವಳ ಕೈಗಿಟ್ಟರು.

“ಮೈತುಂಬ ದಪ್ಪ, ಎಲ್ಲಾ ನುಂಗೈತಿ. ಇದರ ಹೊಟ್ಟ್ಯಾಗ ಅದಾವು.”