ಗಾಳಿದೊಡ್ಡಿಯ ನಂಜಾಚಾರಿ ಬ್ರೇಕು ಬಿಚ್ಚಿದ ಕತೆ

ಯಾವ ಕಾಲ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಬೆಟ್ಟದ ನೆತ್ತಿ ಮೇಲೆ ಒಂದೂರು ಇತ್ತಂತೆ. ಗಾಳಿದೊಡ್ಡಿ ಅಂತ ಹೆಸರು. ಅಲ್ಲಿಂದ ಕೆಳಗಿನ ಸಂತೆಗೆ ಇಳೀಬೇಕು ಅಂದ್ರೆ ಹನ್ನೊಂದು ತಿರುವು ದಾಟಬೇಕಿತ್ತಂತೆ. ಒಂದು ಕಡೆ ಬಂಡೆ, ಒಂದು ಕಡೆ ಕಮರಿ. ಇಳಿಯೋವಾಗ ಹೆಂಗಸರು ಮಾತು ನಿಲ್ಲಿಸಿಬಿಡ್ತಿದ್ದರಂತೆ. ಹೆಂಗಸರು ಮಾತು ನಿಲ್ಲಿಸಬೇಕು ಅಂದ್ರೆ ಆ ಇಳಿಜಾರು ಹೆಂಗಿರಬೇಕು ನೀವೇ ಲೆಕ್ಕ ಹಾಕ್ಕೊಳ್ಳಿ.

ಆ ಊರಲ್ಲಿ ನಂಜಾಚಾರಿ ಅಂತ ಒಬ್ಬನಿದ್ದನಂತೆ. ಕಮ್ಮಾರರ ಮನೆಯವನು. ಅವನ ಅಪ್ಪ, ಅಜ್ಜ ನೇಗಿಲಿನ ಗುಳ ತಟ್ಟಿದವರು, ಕುಡುಗೋಲು ತಟ್ಟಿದವರು. ಬೆಟ್ಟಕ್ಕೆ ಮೋಟಾರು ಬಂದ ಮೇಲೆ ಇವನು ಕುಲುಮೆ ಪಕ್ಕದಲ್ಲೇ ಸ್ಪ್ಯಾನರು ಜೋಡಿಸಿಕೊಂಡು ರಿಪೇರಿ ಶುರು ಮಾಡಿದನಂತೆ. ಯಾರೂ ಕಲಿಸಲಿಲ್ಲ. ಬಿಚ್ಚಿ ನೋಡಿ ಕಲಿತ. ಕೆಳಗೆ ಮೂರನೇ ತಿರುವಲ್ಲಿ ಗಾಡಿ ಕೆಮ್ಮಿದರೆ, ಮೇಲೆ ಕೂತ ಜಾಗದಲ್ಲೇ ಯಾವ ನಟ್ಟು ಸಡಿಲ ಆಗಿದೆ ಅಂತ ಹೇಳ್ತಿದ್ದನಂತೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇಂಜಿನ್ ಬಿಚ್ಚಿ ಜೋಡಿಸಿದ ಅಂತಲೂ ಹೇಳ್ತಾರೆ. ಅದನ್ನ ನಾನು ನಂಬಲ್ಲ. ಕಣ್ಣಿರೋನು ಯಾಕೆ ಕಣ್ಣು ಕಟ್ಕೋಬೇಕು? ಆದರೆ ಒಂದಂತೂ ನಿಜ. ನಂಜಾಚಾರಿ ಸರಿ ಇದೆ ಅಂದ್ರೆ, ಊರಿಗೆ ಊರೇ ಸರಿ ಇದೆ ಅಂತಿತ್ತಂತೆ.

ದಾರೀಲಿ ಹೋಗಿ ಬರೋ ಮೋಟಾರು ಎಷ್ಟಿದ್ದರೂ ಊರಿನದು ಅಂತ ಇದ್ದದ್ದು ಒಂದೇ ಗಾಡಿ, ಚೆಲುವಶೆಟ್ಟಿಯ ಪಿಕಪ್ಪು. ಎಲ್ಲೋ ಯಾರೋ ಓಡಿಸಿ ಸಾಕಾಗಿ ಮಾರಿದ್ದನ್ನ ತಂದಿದ್ದನಂತೆ. ಮುಂದಿನ ಬಾಗಿಲು ಹಗ್ಗದಲ್ಲಿ ಕಟ್ಟಿರೋದು. ಆದರೂ ವಾರ ವಾರ ಸಂತೆಗೆ ಹೆಂಗಸರನ್ನ, ಕುಂಬಳಕಾಯಿನ, ಹುಚ್ಚೆಳ್ಳಿನ ಮೂಟೇನ ಹೊತ್ತು ಇಳಿಸೋದು, ಮತ್ತೆ ಹತ್ತಿಸೋದು.

ಒಂದು ಸಂತೆ ದಿನ ಅದು ಒಂಬತ್ತನೇ ತಿರುವಲ್ಲಿ ನಿಲ್ಲಲಿಲ್ಲ. ಚೆಲುವಶೆಟ್ಟಿ ಕಮರಿ ಕಡೆ ಹೋಗೋ ಗಾಡೀನ ಹೆಂಗೋ ಎಳೆದು ಬಂಡೆ ಕಡೆ ತಿರುಗಿಸಿದನಂತೆ. ಹದಿನಾಲ್ಕು ಜನ ಉಳಕೊಂಡರು. ಹಿಂದೆ ಕೊನೇಲಿ ಕೂತಿದ್ದ ದುಂಡಮ್ಮ ಮಾತ್ರ ಎಗರಿ ಬಿದ್ದಳು. ಬಿದ್ದವಳು ಏಳಲಿಲ್ಲ. ಬೆಳ್ಳಯ್ಯನ ಹೆಂಡತಿ ಅವಳು. ಬೆಳಿಗ್ಗೆ ಗಂಡನಿಗೆ ರೊಟ್ಟಿ ಮುಚ್ಚಿಟ್ಟು ಹೋದವಳು, ಮಧ್ಯಾಹ್ನ ಆ ರೊಟ್ಟಿ ಹಂಗೇ ಇತ್ತಂತೆ. ಊರಿಗೆ ಗರ ಬಡಿದ ಹಂಗಾಯ್ತು. ಮೂರು ದಿನ ಯಾರ ಮನೇಲೂ ಒಲೆ ಸರಿಯಾಗಿ ಉರೀಲಿಲ್ಲ ಅಂತ ಹೇಳ್ತಾರೆ.

ಆಮೇಲೆ ಮಾತು ಶುರುವಾಯ್ತು. ಚೆಲುವಶೆಟ್ಟಿ ಒಂದೇ ಮಾತು ಹೇಳಿದನಂತೆ, ಪೆಡಲ್ ಒತ್ತಿದೆ, ಅದು ಮೆತ್ತಗೆ ನೆಲದವರೆಗೂ ಇಳಿದುಹೋಯ್ತು ಅಂತ. ಜನ ನಂಜಾಚಾರಿ ಮುಖ ನೋಡಿದರು. ಯಾಕೆ ಅಂದ್ರೆ ಅದೇ ವಾರ ಚೆಲುವಶೆಟ್ಟಿ ಗಾಡಿ ತಂದು, ಪೆಡಲ್ ಯಾಕೋ ಒಂದೊಂದು ಸಲ ಸೋಲುತ್ತೆ ನೋಡು ಅಂದಿದ್ದ. ನಂಜಾಚಾರಿ ಹತ್ತು ಸಲ ತುಳಿದು ನೋಡಿದ್ದ, ಕಲ್ಲಿನ ಹಂಗೆ ಗಟ್ಟಿ ಇತ್ತು. ಇಳಿಜಾರಲ್ಲಿ ಬ್ರೇಕು ಬಿಸಿಯಾದ ಮೇಲೆ ಸೋಲೋದು ನಿಂತ ಗಾಡೀಲಿ ಹೆಂಗೆ ಕಾಣಬೇಕು? ಅವನಿಗೆ ಕಂಡಿದ್ದನ್ನೇ ಹೇಳಿದ, ಬ್ರೇಕು ಸರಿ ಇತ್ತು ಅಂತ. ಅಷ್ಟೇ ಸಾಕಾಯ್ತು. ಬ್ರೇಕು ಸರಿ ಇದ್ದ ಮೇಲೆ ತಪ್ಪು ಯಾರದು? ಚೆಲುವಶೆಟ್ಟಿ ಕುಡಿದಿದ್ದ ಅಂತ ಯಾರೋ ಅಂದರು. ಸಂಜೆ ಹೊತ್ತಿಗೆ ಎಲ್ಲರೂ ಅಂದರು.

ಒಂಬತ್ತು ದಿನ ಚೆಲುವಶೆಟ್ಟಿ ಮನೆಗೆ ಯಾರೂ ಬೆಂಕಿ ಕೊಡಲಿಲ್ಲ, ನೀರು ಕೊಡಲಿಲ್ಲ. ಅವನ ಹೆಂಡತಿ ಬಾವಿಗೆ ಬಂದರೆ ಉಳಿದವರು ಹಗ್ಗ ಸುತ್ತಿಕೊಂಡು ಹೋಗೋರಂತೆ. ಹತ್ತನೇ ದಿನ ಅರಳಿಕಟ್ಟೆ ಹತ್ರ ನ್ಯಾಯ ಸೇರಿಸೋದು, ಅವನನ್ನ ಊರು ಬಿಡಿಸೋದು ಅಂತ ತೀರ್ಮಾನ ಆಯ್ತು. ಗಾಡಿ ಮಾತ್ರ ಊರಿಗೆ ಬೇಕು. ಓಡಿಸೋಕೆ ಬೇರೆ ಯಾರನ್ನಾದರೂ ಇಟ್ಕೊಳ್ಳೋಣ, ಅಷ್ಟರೊಳಗೆ ಬ್ರೇಕಿನ ಮಾಸ್ಟರ್ ಸಿಲಿಂಡರ್ ಹೊಸದು ಹಾಕಿಬಿಡು, ಮನಸ್ಸಿಗೆ ಸಮಾಧಾನ ಅಂತ ನಂಜಾಚಾರಿಗೆ ಹೇಳಿದರಂತೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನ ನಾಲ್ಕೂ ಚಕ್ರಕ್ಕೆ ತಳ್ಳೋದು ಅದೇ ಸಿಲಿಂಡರು. ಅದು ಸೋತರೆ ಎಲ್ಲ ಸೋತ ಹಂಗೆ.

ಎಂಟನೇ ದಿನ ನಂಜಾಚಾರಿ ಪೈಪು ಬಿಚ್ಚಿದ, ಎರಡು ನಟ್ಟು ಬಿಚ್ಚಿದ, ಹಳೇ ಸಿಲಿಂಡರು ಕೈಗೆ ತಗೊಂಡ. ಹಳೇದು ಹೋಗಿದೆಯೋ ಇಲ್ಲವೋ ನೋಡೋಣ ಅಂತ ಅದರ ಹೊಟ್ಟೇನೂ ಬಿಚ್ಚಿದ. ಒಳಗಿದ್ದ ರಬ್ಬರ್ ವಾಷರು ನೆನೆಹಾಕಿದ ಕಡಲೆಕಾಳಿನ ಹಂಗೆ ಉಬ್ಬಿ ಮೆತ್ತಗಾಗಿತ್ತಂತೆ. ಉಗುರು ಊರಿದರೆ ಇಳಿಯೋದು. ಇದು ಹೆಂಗಾಯ್ತು ಅಂತ ಮೂಗಿನ ಹತ್ರ ಹಿಡಿದ. ಹಿಡಿದವನು ಹಂಗೇ ಕೂತುಬಿಟ್ಟನಂತೆ. ಅವನ ಹೆಂಡತಿ ಕಾಳಮ್ಮ ಬಂದು, ಏನಾಯ್ತು ಅಂತ ಕೇಳಿದಳು. ಇವನು ಕೈ ಚಾಚಿದ. ಅವಳೂ ಮೂಸಿದಳು. ಇದು ನಮ್ಮ ದೇವರ ದೀಪದ ವಾಸನೆ ಅಲ್ಲವಾ ಅಂದಳಂತೆ.

ನಿಮಗೆ ಒಂದು ವಿಷಯ ಹೇಳಬೇಕು. ಗಾಳಿದೊಡ್ಡೀಲಿ ಆಯುಧಪೂಜೆ ದಿನ ಬಾಯೆಣ್ಣೆ ಅಂತ ಒಂದು ಪದ್ಧತಿ ಇತ್ತು. ಆಚಾರಿ ಮನೆಯವರು ದೀಪಕ್ಕೆ ಹಾಕೋ ಹುಚ್ಚೆಳ್ಳೆಣ್ಣೆ ಬಟ್ಟಲು ಹಿಡಿದು ಮನೆ ಮನೆಗೆ ಹೋಗಬೇಕು. ಪ್ರತಿ ಆಯುಧಕ್ಕೂ ಒಂದು ಚಮಚ ಎಣ್ಣೆ ಉಣಿಸಬೇಕು. ಗುಳಕ್ಕೆ, ಕುಡುಗೋಲಿಗೆ, ಹೊಲಿಗೆ ಮಿಷನ್ನಿಗೆ, ಬಾವಿ ರಾಟೆಗೆ. ವರ್ಷವೆಲ್ಲ ದುಡಿದದ್ದು ಒಂದು ದಿನ ಉಣ್ಣಲಿ ಅಂತ. ಆ ವರ್ಷ ಪಿಕಪ್ಪು ಊರಿಗೆ ಬಂದ ಮೊದಲನೇ ವರ್ಷ. ಅದಕ್ಕೆ ಬಾಯಿ ಎಲ್ಲಿ ಅಂತ ನಂಜಾಚಾರಿ ಬಹಳ ಹೊತ್ತು ಯೋಚನೆ ಮಾಡಿದನಂತೆ. ಈ ಗಾಡೀಲಿ ಜನರ ಜೀವ ಕಾಯೋದು ಯಾವುದು? ಬ್ರೇಕು. ಹಂಗಾದರೆ ಉಣ್ಣಬೇಕಾದ್ದು ಅದೇ ಅಂತ ಬ್ರೇಕ್ ಆಯಿಲಿನ ಡಬ್ಬಿ ಮುಚ್ಚಳ ತೆಗೆದು, ಕೈ ಮುಗಿದು, ಒಂದು ಚಮಚ ಹಾಕಿದ. ಪ್ರೀತಿಗೆ ಇನ್ನೊಂದು ಚಮಚ ಹಾಕಿದ. ಅವನಿಗೆ ಕಬ್ಬಿಣ ಗೊತ್ತಿತ್ತು ಕಣ್ರಪ್ಪ, ರಬ್ಬರು ಗೊತ್ತಿರಲಿಲ್ಲ.

ಆದರೂ ಅವನಿಗೆ ಖಾತ್ರಿಯಾಗಬೇಕಿತ್ತು. ಎರಡು ಹಿತ್ತಾಳೆ ಬಟ್ಟಲು ತಗೊಂಡ. ಒಂದರಲ್ಲಿ ಬ್ರೇಕ್ ಆಯಿಲ್, ಒಂದರಲ್ಲಿ ದೀಪದೆಣ್ಣೆ. ಎರಡರಲ್ಲೂ ಒಂದೊಂದು ಹೊಸ ವಾಷರ್ ಹಾಕಿಟ್ಟ. ಎರಡು ದಿನ ಅನ್ನ ಮುಟ್ಟಲಿಲ್ಲ, ಬಟ್ಟಲ ಮುಂದೆ ಕೂತೇ ಇದ್ದನಂತೆ. ಹತ್ತನೇ ದಿನ ಬೆಳಿಗ್ಗೆ ತೆಗೆದು ನೋಡಿದರೆ ಬ್ರೇಕ್ ಆಯಿಲಲ್ಲಿ ಇದ್ದದ್ದು ಹೆಂಗಿತ್ತೋ ಹಂಗೇ ಇತ್ತು. ದೀಪದೆಣ್ಣೇಲಿ ಇದ್ದದ್ದು ಉಬ್ಬಿ ಕೂತಿತ್ತು.

ಕುಲುಮೇಲಿ ಬೆಂಕಿ ಇತ್ತಂತೆ. ಕಾಳಮ್ಮ ಅಂದಳಂತೆ, ಅದನ್ನ ಬೆಂಕಿಗೆ ಹಾಕಿಬಿಡಿ, ಕೇಳೋರು ಯಾರೂ ಇಲ್ಲ, ನಮಗೂ ಮಕ್ಕಳಿದಾವೆ ಅಂತ. ಅವಳನ್ನ ಬಯ್ಯಬೇಡಿ. ನೀವಾಗಿದ್ದರೂ ಅದನ್ನೇ ಅಂತಿದ್ದಿರಿ, ನಾನೂ ಅಂತಿದ್ದೆ. ಉರಿದು ಹೋಗಿದ್ದರೆ ಒಂದು ಚಿಟಿಕೆ ಬೂದಿ. ಚೆಲುವಶೆಟ್ಟಿ ಊರು ಬಿಡೋನು, ನಂಜಾಚಾರಿ ಮಾತು ದೇವರ ಮಾತಾಗೇ ಉಳಿಯೋದು. ಅವನು ಉಬ್ಬಿದ ವಾಷರನ್ನ ಚಿಮಟದಲ್ಲಿ ಹಿಡಿದು ಬೆಂಕಿ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ಒಂದು ಜಾವ ನಿಂತಿದ್ದ ಅಂತ ಕೆಲವರು. ಅಷ್ಟು ಹೊತ್ತೇನೂ ಇರಲಿಕ್ಕಿಲ್ಲ. ಕೊನೆಗೆ ಅದನ್ನ ತಿರುಗಿ ಬಟ್ಟಲಿಗೇ ಹಾಕಿದ. ಕಾಳಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು, ನಡೀರಿ, ಒಂದು ಬಟ್ಟಲು ನಾನು ಹಿಡ್ಕೋತೀನಿ ಅಂದಳಂತೆ.

ಅರಳಿಕಟ್ಟೆ ಹತ್ರ ಊರೆಲ್ಲ ಸೇರಿತ್ತು. ಚೆಲುವಶೆಟ್ಟಿ ಟವಲು ಕೈಲಿ ಹಿಡಕೊಂಡು ನೆಲ ನೋಡ್ತಾ ನಿಂತಿದ್ದ. ಗಂಡ ಹೆಂಡತಿ ಬಂದು ಕಟ್ಟೆ ಮೇಲೆ ಎರಡು ಬಟ್ಟಲು ಇಟ್ಟರು. ನಂಜಾಚಾರಿ ಹೇಳಿದನಂತೆ, ಬ್ರೇಕು ಸರಿ ಇತ್ತು ಅಂತ ನಾನು ಅಂದದ್ದು ಸುಳ್ಳಾಯ್ತು. ಬ್ರೇಕು ಕೆಟ್ಟಿತ್ತು, ಕೆಡಿಸಿದ್ದು ನಾನು. ಆಯುಧಪೂಜೆ ದಿನ ಈ ಕೈಯಲ್ಲಿ ಎರಡು ಚಮಚ ಎಣ್ಣೆ ಹಾಕಿದೆ, ಅದು ರಬ್ಬರನ್ನ ತಿಂತು, ದುಂಡಮ್ಮನ್ನೂ ತಿಂತು. ಊರು ಬಿಡಿಸೋದಾದರೆ ನನ್ನನ್ನ ಬಿಡಿಸಿ.

ಎರಡೂ ವಾಷರು ಕೈಯಿಂದ ಕೈಗೆ ಹೋದವಂತೆ. ಮುಟ್ಟಿದವರು ಮುಟ್ಟಿದವರು ಕೈ ಹಿಂದಕ್ಕೆ ತಗೊಳ್ಳೋರು. ನಂಜಾಚಾರಿ ತಪ್ಪು ಮಾಡಬಹುದು ಅನ್ನೋದೇ ಆ ಊರಿಗೆ ಗೊತ್ತಿರಲಿಲ್ಲ ನೋಡಿ. ಅದರಲ್ಲೂ ಕೈ ಮುಗಿದು ಮಾಡಿದ್ದು ಹೆಂಗೆ ತಪ್ಪಾಗುತ್ತೆ? ಉಬ್ಬಿದ ವಾಷರು ಕೊನೆಗೆ ಬೆಳ್ಳಯ್ಯನ ಕೈಗೆ ಬಂತು. ಅವನು ಅದನ್ನೇ ನೋಡ್ತಾ ನೋಡ್ತಾ ಹೇಳಿದನಂತೆ, "ಅವತ್ತು ನೀನು ಕೈ ಮುಗಿಯೋವಾಗ ಎಣ್ಣೆ ಬಟ್ಟಲು ಇಸ್ಕೊಂಡು ಹಿಡಕೊಂಡಿದ್ದೋಳು ನನ್ನ ಹೆಂಡ್ತಿ. ಇನ್ನೊಂದು ಚಮಚ ಹಾಕಿ ಆಚಾರಪ್ಪ, ವಾರ ವಾರ ನಮ್ಮನ್ನ ಹೊರೋ ಗಾಡಿ ಅಂದೋಳು ಅವಳೇ." ಅಷ್ಟು ಹೇಳಿ ವಾಷರನ್ನ ಕಟ್ಟೆ ಮೇಲಿಟ್ಟ. ಹೆಂಗಸರಲ್ಲಿ ಯಾರೋ ಅಳೋಕೆ ಶುರು ಮಾಡಿದರು.

ಆಮೇಲೆ ಮಾತಾಡಿದ್ದು ಯಾರು ಗೊತ್ತಾ? ಒಂಬತ್ತು ದಿನ ಬಾಯಿ ಬಿಡದೇ ಇದ್ದ ಚೆಲುವಶೆಟ್ಟಿ. ಇವನನ್ನ ಊರು ಬಿಡಿಸಿದರೆ ನನ್ನ ಗಾಡಿ ಬ್ರೇಕು ರಿಪೇರಿ ಮಾಡೋರು ಯಾರು ಅಂತ ಕೇಳಿದನಂತೆ. ಅದು ಕ್ಷಮಿಸಿದ ಮಾತೋ ಸಿಟ್ಟಿನ ಮಾತೋ ಯಾರಿಗೂ ತಿಳೀಲಿಲ್ಲ. ಆದರೆ ಊರು ಬಿಡಿಸೋ ಮಾತು ಅಲ್ಲಿಗೇ ಬಿದ್ದುಹೋಯ್ತು.

ಅವತ್ತೇ, ಊರೆಲ್ಲ ನೋಡ್ತಾ ಇರುವಾಗ, ನಂಜಾಚಾರಿ ಕೆಲಸಕ್ಕೆ ಕೂತ. ಹಳೇ ಆಯಿಲೆಲ್ಲ ಹರಿಸಿ ಚೆಲ್ಲಿದ. ಪೈಪುಗಳನ್ನ ತೊಳೆದ. ಚಕ್ರದೊಳಗಿನ ರಬ್ಬರನ್ನೂ ನಂಬಲಿಲ್ಲ, ಎಲ್ಲ ಕಿತ್ತು ಹೊಸದು ಹಾಕಿದ. ಹೊಸ ಸಿಲಿಂಡರನ್ನ ಮೊದಲು ಬಿಗಿಯಾಗಿ ಹಿಡಿಯೋ ವೈಸಿಗೆ ಕಚ್ಚಿಸಿ, ಆಯಿಲ್ ತುಂಬಿ, ಕಡ್ಡೀಲಿ ಮೆಲ್ಲಗೆ ಒತ್ತಿ ಒತ್ತಿ ಗುಳ್ಳೆ ನಿಲ್ಲೋವರೆಗೂ ಗಾಳಿ ತೆಗೆದ. ಆಮೇಲೆ ಗಾಡಿಗೆ ಕೂರಿಸಿದ. ಕಾಳಮ್ಮ ಡ್ರೈವರ್ ಸೀಟಲ್ಲಿ ಕೂತಳು, ಇವನು ಕೆಳಗೆ ಮಲಗಿದ. ಬ್ರೇಕಿನ ಪೈಪಲ್ಲಿ ಉಳಿದ ಗಾಳಿ ತೆಗೀಬೇಕು, ಸಿಲಿಂಡರಿಗೆ ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ. ಒತ್ತು ಅಂದರೆ ಒತ್ತೋಳು, ಹಿಡಿ ಅಂದರೆ ಹಿಡಿಯೋಳು, ಇವನು ಚಕ್ರದ ಹತ್ರದ ನಿಪ್ಪಲ್ ಬಿಚ್ಚಿ, ಗಾಳಿ ಹೋಗಿಸಿ, ಬಿಗಿ ಮಾಡಿದ ಮೇಲೆ ಬಿಡು ಅಂದರೆ ಬಿಡೋಳು. ಪೈಪಿನಲ್ಲಿ ಸಾಸಿವೆ ಕಾಳಷ್ಟು ಗಾಳಿ ಉಳಿದರೂ ಅವಳ ಪಾದಕ್ಕೆ ತಿಳಿಯೋದು ಅಂತ ಹೇಳ್ತಾರೆ. ಇದನ್ನ ನಾನು ನಂಬ್ತೀನಿ. ಸಾಯಂಕಾಲದ ಹೊತ್ತಿಗೆ, ಈಗ ಗಟ್ಟಿ ಅಂದಳಂತೆ.

ಚೆಲುವಶೆಟ್ಟಿ ಬಂದು ಸ್ಟೇರಿಂಗ್ ಹಿಡಿದ. ಹಿಂದೆ ಹತ್ತೋಕೆ ಯಾರಿಗೂ ಕಾಲು ಬರಲಿಲ್ಲ. ನಂಜಾಚಾರಿ ಹತ್ತಿ ಕೊನೇಲಿ, ದುಂಡಮ್ಮ ಕೂತಿದ್ದ ಜಾಗದಲ್ಲಿ ಕೂತ. ಹನ್ನೊಂದು ತಿರುವು ಇಳಿದರು, ಹತ್ತಿ ಬಂದರು. ಬ್ರೇಕು ಎಲ್ಲೂ ಸೋಲಲಿಲ್ಲ. ಆದರೂ ವಾಪಸ್ಸು ಬಂದಾಗ ಯಾರೂ ಸಂತೋಷ ಪಡಲಿಲ್ಲ, ಅವರವರ ಮನೆಗೆ ಹೋದರು.

ಮುಂದಿನ ಆಯುಧಪೂಜೆಗೆ ನಂಜಾಚಾರಿ ಎಣ್ಣೆ ಬಟ್ಟಲು ಹಿಡಿದು ಮನೆ ಮನೆಗೆ ಹೋಗಲಿಲ್ಲ. ಅರಳಿಕಟ್ಟೆ ಮುಂದೆ ನಿಂತು, ಪೂಜೆಗೆ ಮೊದಲು, ದುಂಡಮ್ಮನ್ನ ಕೊಂದದ್ದು ಈ ಕೈ ಅಂತ ಊರಿಗೆಲ್ಲ ಕೇಳೋ ಹಂಗೆ ಹೇಳಿದ. ಅದರ ಮುಂದಿನ ವರ್ಷವೂ ಹೇಳಿದ. ಸಾಕು ಬಿಡಪ್ಪ ಅಂದರೂ ಕೇಳಲಿಲ್ಲ, ಸಾಯೋವರೆಗೂ ವರ್ಷ ವರ್ಷ ಹೇಳಿದನಂತೆ.

ಅವನು ಸತ್ತ ವರ್ಷ ಆಯುಧಪೂಜೆಗೆ ಜನ ಸೇರಿದರು. ಹೇಳೋನು ಇಲ್ಲ. ದೀಪ ಹಚ್ಚೋಕೆ ಯಾರಿಗೂ ಕೈ ಬರಲಿಲ್ಲ. ಆಗ ಬೆಳ್ಳಯ್ಯ ಎದ್ದ. ಅಷ್ಟು ಹೊತ್ತಿಗೆ ಅವನಿಗೂ ವಯಸ್ಸಾಗಿತ್ತು, ಕೋಲು ಹಿಡಿದು ಎದ್ದ. ಚೆಲುವಶೆಟ್ಟಿ ಕುಡಿದಿದ್ದ ಅಂತ ಮೊದಲು ಅಂದೋನು ನಾನು, ಅವತ್ತು ನಾನು ಅವನ ಬಾಯಿ ವಾಸನೆ ಬರೋಷ್ಟು ಹತ್ರಕ್ಕೂ ಹೋಗಿರಲಿಲ್ಲ ಅಂದನಂತೆ. ಚೆಲುವಶೆಟ್ಟಿ ಅಲ್ಲೇ ಕೂತಿದ್ದ. ತಲೆ ಎತ್ತಲಿಲ್ಲ, ಪಕ್ಕಕ್ಕೆ ಸರಿದು ಬೆಳ್ಳಯ್ಯನಿಗೆ ಕೂರೋಕೆ ಜಾಗ ಮಾಡಿದ.

ಗಾಳಿದೊಡ್ಡೀಲಿ ಇವತ್ತಿಗೂ ಹಂಗೇ ನಡೆಯುತ್ತೆ. ಆಯುಧಪೂಜೆ ದಿನ ಗಾಡಿಗೆ ಅರಿಶಿನ ಹಚ್ತಾರೆ, ಕುಂಕುಮ ಇಡ್ತಾರೆ, ಎಣ್ಣೆ ಹತ್ರಕ್ಕೂ ತರಲ್ಲ. ಆಮೇಲೆ ಒಬ್ಬೊಬ್ಬರೇ ಎದ್ದು, ಆ ವರ್ಷ ತಮ್ಮ ಕೈಯಿಂದ ಆದ ಒಂದು ತಪ್ಪು ಹೇಳಬೇಕು. ದರ್ಜಿ ಹೇಳ್ತಾನೆ, ಡ್ರೈವರ್ ಹೇಳ್ತಾನೆ, ಸೂಲಗಿತ್ತಿ ಹೇಳ್ತಾಳೆ. ಕೇಳಿದವರು ಏನೂ ಅನ್ನೋ ಹಂಗಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಡಬೇಕು. ಎಲ್ಲರೂ ಹೇಳಿ ಮುಗಿಸಿದ ಮೇಲೇ ದೀಪ ಹಚ್ಚೋದು. ಕೆಲವು ವರ್ಷ ಬಹಳ ಹೊತ್ತಾಗುತ್ತಂತೆ.