ತಾಯಿಯ ಹುದುಗು

“ಗುರುಗಳೇ, ಇದೂ ಅದೂ ಒಂದೇ ಎಂದು ತಿಳಿದ ಮೇಲೂ ಮನಸ್ಸು ಅದಕ್ಕಾಗಿಯೇ ಏಕೆ ಹಂಬಲಿಸುತ್ತದೆ? ತಿಳಿದದ್ದು ಸಾಲದೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಕಡಲ ತೀರದ ಊರೊಂದರಲ್ಲಿ ಜೆಸಿಂತಾ ಎಂಬ ಹೆಂಗಸು ಪಾವ್ ಸುಟ್ಟು ಮಾರುತ್ತಿದ್ದಳು. ದಿನವೂ ನಾದಿದ ಹಿಟ್ಟಿನಲ್ಲಿ ಒಂದು ಹಿಡಿ ಉಳಿಸಿ, ಮರುದಿನದ ಹಿಟ್ಟಿಗೆ ಅದನ್ನೇ ಹುದುಗಾಗಿ ಸೇರಿಸುವಳು. ಅವಳ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೂ ಆ ಹುದುಗು ಮನೆಯಲ್ಲಿ ಉಬ್ಬುತ್ತಲೇ ಇತ್ತು. ಒಂದು ವರ್ಷ ಜೆಸಿಂತಾ ಜ್ವರ ಹಿಡಿದು ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದಳು. ಮರಳಿ ಬಂದು ನೋಡಿದರೆ ಹುದುಗು ಬೂಷ್ಟು ಹಿಡಿದು ಸತ್ತಿತ್ತು.

ತಾಯಿ ಬದುಕಿದ್ದಾಗ ಒಬ್ಬ ಸಂಶೋಧಕ ಬಂದು ಅದರಲ್ಲಿ ಚೂರು ಒಯ್ದಿದ್ದ. ಅದರಲ್ಲಿದ್ದ ಯೀಸ್ಟಿನ ಆಕಾರ, ಅದು ತಿನ್ನುವ ಸಕ್ಕರೆ ನೋಡಿ, ಇದು ಹೊಸ ಪ್ರಭೇದವೆಂದು ಹೆಸರಿಟ್ಟು ಸೀಸೆಯಲ್ಲಿ ಜೋಪಾನ ಮಾಡಿದ್ದ. ಅದು ನೆನಪಾಗಿ ಜೆಸಿಂತಾ ಎರಡು ಬಸ್ಸು ಬದಲಿಸಿ ಅವನಲ್ಲಿಗೆ ಹೋದಳು. ಒಂದು ಚಿಟಿಕೆ ಸಾಕೆಂದಳು.

ಸಂಶೋಧಕ ಅವಳಿಗೆ ಕುರ್ಚಿ ಎಳೆದುಕೊಟ್ಟ. ಆಮೇಲೆ ಇದ್ದದ್ದನ್ನು ಹೇಳಿದ. ಹೋದ ವರ್ಷ ಅವನು ಆ ಯೀಸ್ಟಿನ ಜೀನೋಮನ್ನು, ಅಂದರೆ ಅದರ ವಂಶವಾಹಿಗಳ ಬರಹವನ್ನು, ಪೂರ್ತಿ ಓದಿ, ಬೇಕರಿಗಳಲ್ಲೆಲ್ಲ ಇರುವ ಯೀಸ್ಟಿನ ಜೀನೋಮಿನ ಪಕ್ಕ ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸಿದ್ದ. ಬೇರೆ ಪ್ರಭೇದ ಎನ್ನಬೇಕಾದರೆ ನೂರಕ್ಕೆ ಐದರಷ್ಟಾದರೂ ವ್ಯತ್ಯಾಸ ಇರಬೇಕೆಂಬುದು ಅವನ ಅಳತೆ. ಸಿಕ್ಕಿದ್ದು ಸಾವಿರಕ್ಕೆ ನಾಲ್ಕು. ಇವೆರಡರ ನಡುವೆ ಗಡಿಯಿಲ್ಲವೆಂದು ಬರೆದು, ತಾನಿಟ್ಟ ಹೆಸರನ್ನು ತಾನೇ ಹೊಡೆದುಹಾಕಿದ್ದ. ಒಂದೇ ಪ್ರಭೇದಕ್ಕೆ ಎರಡು ಸೀಸೆ ಏಕೆಂದು ಅವಳ ಮನೆಯದನ್ನು ಚೆಲ್ಲಿದ್ದ.

“ಅಮ್ಮಾ, ಅದರ ಅಕ್ಷರಗಳೆಲ್ಲ ನನ್ನ ಹತ್ತಿರ ಇವೆ. ಹಿಟ್ಟಿಗೆ ಹಾಕಲು ಮಾತ್ರ ಏನೂ ಉಳಿದಿಲ್ಲ” ಎಂದ. ಬೇಕರಿ ಯೀಸ್ಟು ಇದ್ದ ಇನ್ನೊಂದು ಸೀಸೆಯಿಂದ ಸ್ವಲ್ಪ ತೆಗೆದುಕೊಟ್ಟು, ಎರಡೂ ಒಂದೇ ಎಂದು ಸಮಾಧಾನ ಹೇಳಿದ.

“ಓದಿದವರು ನೀವು, ಒಂದೇ ಇರಬಹುದು ಸರ್. ಆದರೆ ಇದು ನನ್ನ ತಾಯಿಯನ್ನು ಕಂಡಿಲ್ಲವಲ್ಲ” ಎಂದಳು ಜೆಸಿಂತಾ.

ಆದರೂ ಸೆರಗಿನಲ್ಲಿ ಮುಚ್ಚಿಕೊಂಡು ತಂದಳು. ಹಿಟ್ಟು ನಾದಿಟ್ಟಳು. ಬೆಳಿಗ್ಗೆ ಪಾವ್ ಚೆನ್ನಾಗಿಯೇ ಉಬ್ಬಿ ಬಂತು. ಮೊದಲನೆಯದನ್ನು ಮುರಿದು ಬಾಯಿಗಿಟ್ಟವಳು, ಭಟ್ಟಿಯ ಪಕ್ಕ ಕುಳಿತು ಅತ್ತಳು.

“ರುಚಿ ಬೇರೆಯಾಗಿತ್ತೇ?” ಎಂದು ಶಿಷ್ಯ ಕೇಳಿದ.

“ಇಲ್ಲ, ಅದೇ ರುಚಿ, ಅದಕ್ಕೇ ಅತ್ತದ್ದು” ಎಂದರು ಗುರು.